ಅಡ್ಡಹೆಸರು ಒಂದೇ ಆದರೆ ವಂಶವೂ ಒಂದೇನಾ? ಅಟೆನ್‌ಬರೋ ಹೆಸರಿನ ಕಥೆ

'ಗಾಂಧಿ' (1982) ಸಿನಿಮಾ ನಿರ್ದೇಶಿಸಿದ ರಿಚರ್ಡ್ ಅಟೆನ್‌ಬರೋ ಮತ್ತು ವನ್ಯಜೀವಿ ಸಾಕ್ಷ್ಯಚಿತ್ರಗಳಿಂದ ಹೆಸರಾದ ಡೇವಿಡ್ ಅಟೆನ್‌ಬರೋ ಅಣ್ಣ ತಮ್ಮಂದಿರು. ಹಾಗಾದರೆ ಈ ಅಡ್ಡಹೆಸರು ಇರುವ ಉಳಿದವರೂ ಅವರ ಸಂಬಂಧಿಕರೇ? "ಸರ್‌ನೇಮ್ ಒಂದೇ ಆದರೆ ರಕ್ತವೂ ಒಂದೇ" ಎಂಬ ಮಾತು ಎಷ್ಟು ನಿಜ? ನೋಡೋಣ.

ಹೆಸರು ಬಂದದ್ದು ಎಲ್ಲಿಂದ?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ, ಟ್ರೆಂಟ್ ನದಿಯ ಪಕ್ಕ ಅಟೆನ್‌ಬರೋ ಎಂಬ ಊರಿದೆ. ಆ ಊರಿನವರಿಗೆ ಊರಿನ ಹೆಸರೇ ಅಂಟಿಕೊಂಡಿತು. 'ಬರೋ' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕೋಟೆ ಇರುವ ಜಾಗ. 1066ರ ನಾರ್ಮನ್ ಆಕ್ರಮಣದ ನಂತರದ ಶತಮಾನಗಳಲ್ಲಿ, ಇಂಥ ಹೆಸರುಗಳು ತಂದೆಯಿಂದ ಮಕ್ಕಳಿಗೆ ಮುಂದುವರಿಯುವ ರೂಢಿ ಅಲ್ಲಿ ಬೆಳೆಯಿತು.

ಡಿಎನ್‌ಎ ಏನು ಹೇಳುತ್ತದೆ?

ವೈ ಕ್ರೋಮೋಸೋಮ್ ಕೂಡ ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಅಂದರೆ ಅಡ್ಡಹೆಸರು ಸಾಗುವ ದಾರಿಯಲ್ಲೇ ಅದೂ ಸಾಗುತ್ತದೆ. ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜೋಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರ ಡಿಎನ್‌ಎ ಪರೀಕ್ಷಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಗೆ ಒಳಗಾದ ಅಟೆನ್‌ಬರೋಗಳಲ್ಲಿ ಶೇ. 70ಕ್ಕೂ ಹೆಚ್ಚು ಮಂದಿಯ ವೈ ಕ್ರೋಮೋಸೋಮ್ ಒಂದೇ ಬಗೆಯದು ಅಥವಾ ಬಹುತೇಕ ಒಂದೇ ಆಗಿತ್ತು. ಅವರೆಲ್ಲ ಒಬ್ಬನೇ ಮೂಲಪುರುಷನ ಸಂತತಿ ಎಂಬುದಕ್ಕೆ ಇದು ಬಲವಾದ ಸುಳಿವು.

ಆದರೆ ಸ್ಮಿತ್‌ಗಳಲ್ಲಿ ಇಂಥ ಹೋಲಿಕೆ ಕಾಣಲಿಲ್ಲ. ಸ್ಮಿತ್ ಎಂದರೆ ಕಮ್ಮಾರ. ಕಮ್ಮಾರರು ಊರೂರಿಗೂ ಇದ್ದರು, ಹಾಗಾಗಿ ಆ ಹೆಸರು ನೂರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿತು.

ಹೊಂದಿಕೆಯಾಗದವರು ಯಾರು?

ಅಟೆನ್‌ಬರೋಗಳಲ್ಲೂ ಕೆಲವರ ಡಿಎನ್‌ಎ ಹೊಂದಲಿಲ್ಲ. ಇದಕ್ಕೆ ಕಾರಣ ಹಲವು ಇರಬಹುದು: ದತ್ತು ಪಡೆದ ಮಗು, ತಾಯಿಯ ಹೆಸರನ್ನೇ ಪಡೆದ ಮಗ, ಮದುವೆಯಾಚೆಗಿನ ಸಂಬಂಧ ಅಥವಾ ಅದೇ ಊರಿನಿಂದ ಹೊರಟ ಇನ್ನೊಂದು ಕುಟುಂಬ. ಹಾಗೆಂದು ಅವರು 'ನಕಲಿ' ಅಟೆನ್‌ಬರೋಗಳಲ್ಲ. ತಲೆಮಾರುಗಳಿಂದ ಆ ಹೆಸರಿನಲ್ಲೇ ಬಾಳಿದ ಕುಟುಂಬಗಳು ಅವು. ಒಂದು ಪರೀಕ್ಷೆಯ ಫಲಿತಾಂಶ ಹಿಡಿದು ಯಾರದೋ ತಾಯಿ, ಅಜ್ಜಿಯ ಬಗ್ಗೆ ತೀರ್ಪು ಕೊಡುವುದು ವಿಜ್ಞಾನವಲ್ಲ.

"ನಿಮ್ಮ ಅಡ್ಡಹೆಸರಿನ ರಾಜಲಾಂಛನ" ಎಂದು ಮಾರುವವರನ್ನೂ ನಂಬಬೇಡಿ. ಇಂಗ್ಲೆಂಡಿನಲ್ಲಿ ಲಾಂಛನಗಳನ್ನು ದಾಖಲಿಸುವ, 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್ ಪ್ರಕಾರ ಲಾಂಛನ ಸಿಗುವುದು ವ್ಯಕ್ತಿಗೆ ಮತ್ತು ಅವರ ವಂಶಕ್ಕೆ, ಅಡ್ಡಹೆಸರಿಗಲ್ಲ.

ಒಟ್ಟಿನಲ್ಲಿ: ಹೆಸರು ಅಪರೂಪವಾದಷ್ಟೂ ಮೂಲ ಒಂದೇ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಅಡ್ಡಹೆಸರು ಒಂದು ಸುಳಿವು ಅಷ್ಟೇ, ರಕ್ತಸಂಬಂಧದ ಪುರಾವೆಯಲ್ಲ. ಇಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದು ನೆನಪಿರಲಿ.