ಗುಣವಾದ ಮೇಲೂ ಗುಳಿಗೆ

ವ್ಯಾಧಿಯಿದ್ದಾಗ ಔಷಧಸೇವನೆ, ವ್ಯಾಧಿ ಕಳೆದೊಡನೆ ಔಷಧತ್ಯಾಗ: ಇದು ಲೋಕರೂಢಿ. ಜ್ವರಕ್ಕೂ ಕೆಮ್ಮಿಗೂ ಈ ರೂಢಿ ಒಪ್ಪೀತು. ಆದರೆ ಒಮ್ಮೆ ಹೃದಯಾಘಾತಕ್ಕೋ ಪಾರ್ಶ್ವವಾಯುವಿಗೋ ತುತ್ತಾಗಿ ಬದುಕುಳಿದವನ ವಿಷಯದಲ್ಲಿ ಇದೇ ರೂಢಿ ಪ್ರಾಣಾಂತಿಕವಾಗಬಲ್ಲುದು. ಎದೆನೋವು ಅಡಗಿದ ಮಾತ್ರಕ್ಕೆ ರಕ್ತನಾಳದ ಒಳಗೋಡೆಯಲ್ಲಿ ಸಂಚಯಗೊಂಡ ಕೊಬ್ಬು ಕರಗಿಹೋಗುವುದಿಲ್ಲ. ನೋವಿಲ್ಲವೆಂಬುದು ರೋಗವಿಲ್ಲವೆಂಬುದಕ್ಕೆ ಪ್ರಮಾಣವಲ್ಲ.

ಇಂಥವರಿಗೆ ವೈದ್ಯರು ವಿಧಿಸುವ ಔಷಧಗಳು ಬಹುಮಟ್ಟಿಗೆ ನಾಲ್ಕು ವರ್ಗದವು. ಆಸ್ಪಿರಿನ್ ಮೊದಲಾದುವು ನಾಳದೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಸ್ಟ್ಯಾಟಿನ್‌ಗಳು ಕೊಲೆಸ್ಟೆರಾಲನ್ನು ತಗ್ಗಿಸುತ್ತವೆ. ಬೀಟಾ ಬ್ಲಾಕರ್‌ಗಳು ಹೃದಯದ ಶ್ರಮವನ್ನು ಕಡಿಮೆ ಮಾಡುತ್ತವೆ. ಎಸಿಇ ಇನ್‌ಹಿಬಿಟರ್ ವರ್ಗದವು ರಕ್ತದ ಒತ್ತಡವನ್ನು ಇಳಿಸುತ್ತವೆ. ಇವು ಹೊಸ ಶೋಧನೆಗಳಲ್ಲ, ದಶಕಗಳಿಂದ ಬಳಕೆಯಲ್ಲಿರುವಂಥವು.

ಆದರೂ ಇವು ರೋಗಿಯ ಕೈಸೇರಿಲ್ಲವೆಂಬುದು ‘ಪ್ಯೂರ್’ ಅಧ್ಯಯನದಿಂದ ವಿದಿತವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹಳೆಯ ವಿದ್ಯಾರ್ಥಿಯಾದ ಡಾ. ಸಲೀಂ ಯೂಸುಫರ ನೇತೃತ್ವದಲ್ಲಿ ನಡೆದ ಈ ಅಧ್ಯಯನಕ್ಕೆ 17 ದೇಶಗಳ 1,53,996 ಮಂದಿ ಒಳಪಟ್ಟಿದ್ದರು. ಫಲಿತಾಂಶ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರೊಳಗೆ ಹೃದ್ರೋಗವೋ ಪಾರ್ಶ್ವವಾಯುವೋ ಮೊದಲೇ ಬಂದಿದ್ದವರನ್ನು ನೋಡಿದಾಗ, ಶ್ರೀಮಂತ ದೇಶಗಳಲ್ಲಿ ಈ ಔಷಧಗಳಲ್ಲಿ ಒಂದನ್ನೂ ಸೇವಿಸದವರು ನೂರಕ್ಕೆ ಸುಮಾರು 11 ಮಂದಿ. ಭಾರತವೂ ಸೇರಿದ್ದ ಅಲ್ಪಾದಾಯದ ದೇಶಗಳಲ್ಲಿ ನೂರಕ್ಕೆ 80 ಮಂದಿ! ನಗರಕ್ಕಿಂತ ಹಳ್ಳಿಯ ಸ್ಥಿತಿ ಇನ್ನೂ ಶೋಚನೀಯ.

ಔಷಧವೇ ದೊರೆಯುವುದಿಲ್ಲವೆಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಅದೇ ಅಧ್ಯಯನದ 2016ರ ವರದಿಯಂತೆ, ಭಾರತದಲ್ಲಿ ಪರಿಶೀಲಿಸಿದ ಗ್ರಾಮಸಮುದಾಯಗಳಲ್ಲಿ ನೂರಕ್ಕೆ ಸುಮಾರು 80ರಲ್ಲಿ ಈ ನಾಲ್ಕೂ ಔಷಧಗಳು ಲಭ್ಯವಿದ್ದುವು. ಆದರೆ ನೂರಕ್ಕೆ 59 ಕುಟುಂಬಗಳಿಗೆ ಅವುಗಳ ಬೆಲೆ ಭಾರವೆನಿಸುವಂತಿತ್ತು. ಅಂಗಡಿಯಲ್ಲಿ ಔಷಧವಿದೆ, ಜೇಬಿನಲ್ಲಿ ಹಣವಿಲ್ಲ. ಹಣವಿದ್ದಲ್ಲಿ, ‘ಇನ್ನೇಕೆ ಈ ಮಾತ್ರೆ?’ ಎಂಬ ಅಲಕ್ಷ್ಯ.

ಈ ಎರಡು ಕೊರತೆಗಳಲ್ಲಿ ಒಂದನ್ನು ದಾನವೂ ಇನ್ನೊಂದನ್ನು ವಿದ್ಯೆಯೂ ನೀಗಿಸಬಲ್ಲುವು. ದಾನಿಗಳ ಔದಾರ್ಯ ಇಂದು ಹೆಚ್ಚಾಗಿ ಕಟ್ಟಡಗಳತ್ತ, ಒಂದು ದಿನದ ತಪಾಸಣಾ ಶಿಬಿರಗಳತ್ತ ಹರಿಯುತ್ತಿದೆ. ಅದು ಶ್ಲಾಘ್ಯವೇ. ಆದರೆ ಶಿಬಿರದಲ್ಲಿ ರೋಗವನ್ನು ಗುರುತಿಸಿ, ಹದಿನೈದು ದಿನದ ಮಾತ್ರೆ ಕೊಟ್ಟು ಕಳುಹಿಸಿದರೆ, ಹದಿನಾರನೆಯ ದಿನ ಆ ಬಡವನಿಗೆ ಗತಿಯೇನು? ಸಸಿ ನೆಟ್ಟವನು ನೀರೆರೆಯುವುದನ್ನು ಮರೆಯಬಾರದು. ಹತ್ತು ರೋಗಿಗಳಿಗೆ ವರ್ಷವಿಡೀ ಔಷಧ ಒದಗಿಸುವ ದತ್ತಿ, ಸಾವಿರ ಮಂದಿಯ ಒಂದು ದಿನದ ಶಿಬಿರಕ್ಕಿಂತ ಕಿರಿದಲ್ಲ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಔಷಧ ಅಗ್ಗವಾಗಿ ದೊರೆಯುವುದರಿಂದ ಇಂಥ ದತ್ತಿಯ ಹಣ ಮತ್ತಷ್ಟು ಮಂದಿಯನ್ನು ಮುಟ್ಟೀತು.

ಉಪಾಧ್ಯಾಯರ ಪಾಲಿನ ಕಾರ್ಯವೂ ಅಲ್ಪವಲ್ಲ. ಅಕ್ಷರ ಬಲ್ಲ ಮಗು ಮನೆಯ ಹಿರಿಯರಿಗೆ ಔಷಧಚೀಟಿಯನ್ನು ಓದಿಹೇಳಿ, ಮಾತ್ರೆ ತಪ್ಪದಂತೆ ನೆನಪಿಸಬಲ್ಲುದು. ವೈದ್ಯರ ಮಾತಿಲ್ಲದೆ ಔಷಧ ನಿಲ್ಲಿಸುವುದು ಹೇಗೆ ತಪ್ಪೋ, ಆರೋಗ್ಯವಂತನು ನೆರೆಯವನನ್ನು ನೋಡಿ ತಾನೇ ಆಸ್ಪಿರಿನ್ ನುಂಗತೊಡಗುವುದೂ ಹಾಗೆಯೇ ತಪ್ಪೆಂಬ ವಿವೇಕವನ್ನೂ ಶಾಲೆಯೇ ಕಲಿಸಬೇಕು. ಕಲಿತ ಅಕ್ಷರ ಮನೆಯ ಹಿರಿಯ ಜೀವವೊಂದನ್ನು ಉಳಿಸಿದರೆ, ವಿದ್ಯೆಗೆ ಅದಕ್ಕಿಂತ ಮಿಗಿಲಾದ ಸಾರ್ಥಕ್ಯವಾವುದು?