ಅಕ್ಷರವು ಅಳಿದಿಲ್ಲ

ಹಟ್ಟಿಯ ಚಿನ್ನದ ಗಣಿಯಿಂದ ನಿವೃತ್ತರಾದ ನೆರೆಯವರೊಬ್ಬರು ಮೊನ್ನೆ ಗಾಬರಿಯಿಂದ ಬಂದರು. ಹೊಸದಾಗಿ ಲಿನಕ್ಸ್ ಹಾಕಿಸಿದ ಗಣಕಯಂತ್ರದಲ್ಲಿ, ಗತಿಸಿದ ಪತ್ನಿಯು ಬರೆದಿಟ್ಟಿದ್ದ ಪತ್ರಗಳೆಲ್ಲವೂ ಬರಿಯ ಚೌಕಗಳಾಗಿ ತೋರುತ್ತಿದ್ದವು. "ಎಲ್ಲಾ ಹೋತು ಮಾಸ್ತರ್ರೇ, ಅಳಿಸಿಬಿಡ್ಲೇನು?" ಎಂದರು.

ಅಳಿಸತಕ್ಕದ್ದಲ್ಲ. ಒಂದು ಪತ್ರವನ್ನು ಅವರ ಮೊಬೈಲಿಗೆ ಕಳುಹಿಸಿ ನೋಡಲು, ಕನ್ನಡವು ಸ್ಪಷ್ಟವಾಗಿ ಮೂಡಿತು. 1991ರಲ್ಲಿ ಹೊರಟ ಯೂನಿಕೋಡ್ ಪದ್ಧತಿಯಂತೆ ಕಡತದಲ್ಲಿರುವುದು ಅಕ್ಷರದ ಸಂಖ್ಯೆ ಮಾತ್ರ. ಅದಕ್ಕೆ ಆಕಾರವನ್ನು ಕೊಡುವುದು ಫಾಂಟು. ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ತಂತ್ರಾಂಶಗಳ ಭಂಡಾರದಿಂದ 'ಲೋಹಿತ್ ಕನ್ನಡ'ವನ್ನು ಸ್ಥಾಪಿಸಿ, ಪತ್ರವನ್ನು ಮುಚ್ಚಿ ಪುನಃ ತೆರೆದೊಡನೆ ಎಲ್ಲವೂ ಮೊದಲಿನಂತಾದವು.

ವಾಚಕರೇ, ಚೌಕಗಳನ್ನು ಕಂಡರೆ ಕಡತವನ್ನು ಮುಟ್ಟಬೇಡಿರಿ. ಮೊದಲು ಫಾಂಟನ್ನು ವಿಚಾರಿಸಿರಿ. ಕ್ಷರವಲ್ಲದ್ದೇ ಅಕ್ಷರವೆಂದು ಹಿರಿಯರು ಹೆಸರಿಟ್ಟದ್ದು ಇಲ್ಲಿಯೂ ಸತ್ಯವಾಯಿತು.