ಯುದ್ಧದ ಬೀಗಕ್ಕೆ ಎರಡು ಕೀಲಿ

ಒಂಬತ್ತನೇ ತರಗತಿಯ ಸಮಾಜ ಪಾಠದ ಮಧ್ಯೆ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಟೀಚರ್, ಅಮೇರಿಕದ ಅಧ್ಯಕ್ಷರಿಗೆ ಸಿಟ್ಟು ಬಂದರೆ ಸಾಕು, ಯುದ್ಧ ಶುರುವಾಗುತ್ತದೆಯೇ? ಅವರನ್ನು ಕೇಳುವವರು ಯಾರೂ ಇಲ್ಲವೇ?"

ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. 2025ರ ಜೂನ್‌ನಲ್ಲಿ ಅಮೇರಿಕದ ವಿಮಾನಗಳು ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿದಾಗ ಆ ದೇಶದ ಸಂಸತ್ತಿನ ಕೆಲವು ಸದಸ್ಯರು ಕೇಳಿದ್ದೂ ಇದೇ ಪ್ರಶ್ನೆ. ಅಮೇರಿಕದಲ್ಲಿ ಸಂಸತ್ತಿಗೆ ಕಾಂಗ್ರೆಸ್ ಎನ್ನುತ್ತಾರೆ. ಅದಕ್ಕೆ ಪ್ರತಿನಿಧಿ ಸಭೆ ಮತ್ತು ಸೆನೆಟ್ ಎಂಬ ಎರಡು ಸದನಗಳಿವೆ.

ಕಾಗದದ ಮೇಲೆ ಉತ್ತರ ಸ್ಪಷ್ಟವಿದೆ. ರಾಜರು ತಮ್ಮ ಕೀರ್ತಿಗಾಗಿ ಯುದ್ಧಕ್ಕಿಳಿದು ಪ್ರಜೆಗಳನ್ನು ಹಾಳು ಮಾಡಿದ್ದನ್ನು 1787ರಲ್ಲಿ ಸಂವಿಧಾನ ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು. ಆದ್ದರಿಂದ ಅಧಿಕಾರವನ್ನು ಎರಡಾಗಿ ಹಂಚಿದರು. ಯುದ್ಧ ಘೋಷಿಸುವ ಮತ್ತು ಅದಕ್ಕೆ ಹಣ ಕೊಡುವ ಅಧಿಕಾರ ಕಾಂಗ್ರೆಸ್ಸಿಗೆ. ಸೇನೆಯನ್ನು ನಡೆಸುವ ಅಧಿಕಾರ ಅಧ್ಯಕ್ಷರಿಗೆ. ಒಂದೇ ಕಪಾಟಿಗೆ ಎರಡು ಕೀಲಿ ಮಾಡಿ ಇಬ್ಬರ ಕೈಯಲ್ಲಿ ಕೊಟ್ಟ ಹಾಗೆ. ಒಬ್ಬರೇ ತೆರೆಯುವಂತಿಲ್ಲ.

ಆದರೆ ನಡೆದದ್ದೇನು? ಕಾಂಗ್ರೆಸ್ ಕೊನೆಯ ಬಾರಿ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ. ಆ ಬಳಿಕ ಕೊರಿಯ, ವಿಯೆಟ್ನಾಂ, ಅಫ್ಘಾನಿಸ್ತಾನ, ಇರಾಕ್ ಎಲ್ಲವೂ ಘೋಷಣೆಯಿಲ್ಲದ ಯುದ್ಧಗಳೇ. 1950ರಲ್ಲಿ ಅಧ್ಯಕ್ಷ ಟ್ರೂಮನ್ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯದೆಯೇ ಕೊರಿಯಕ್ಕೆ ಸೇನೆ ಕಳುಹಿಸಿದರು. 1964ರಲ್ಲಿ ತಮ್ಮ ಹಡಗುಗಳ ಮೇಲೆ ಎರಡು ಬಾರಿ ದಾಳಿಯಾಗಿದೆ ಎಂದು ಸರಕಾರ ಹೇಳಿದಾಗ ಪ್ರತಿನಿಧಿ ಸಭೆ 416-0, ಸೆನೆಟ್ 88-2 ಮತಗಳಿಂದ ಅಧ್ಯಕ್ಷ ಜಾನ್ಸನ್‌ರಿಗೆ ವಿಯೆಟ್ನಾಂ ವಿಷಯದಲ್ಲಿ ಮುಕ್ತ ಅನುಮತಿ ನೀಡಿತು. ಎರಡನೆಯ ದಾಳಿ ನಡೆದೇ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ತಡವಾಗಿತ್ತು. ಆ ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೇರಿಕನ್ ಸೈನಿಕರು ಸತ್ತರು. ಸತ್ತ ವಿಯೆಟ್ನಾಮಿಗಳ ಲೆಕ್ಕ ಲಕ್ಷಗಳಲ್ಲಿದೆ.

ಪಶ್ಚಾತ್ತಾಪದಿಂದ 1973ರಲ್ಲಿ ಒಂದು ಕಾನೂನು ಬಂತು. ಅಧ್ಯಕ್ಷ ನಿಕ್ಸನ್ ತಡೆದರೂ ಮೂರನೇ ಎರಡರಷ್ಟು ಬಹುಮತದಿಂದ ಕಾಂಗ್ರೆಸ್ ಅದನ್ನು ಜಾರಿಗೆ ತಂದಿತು. ಅದರಂತೆ ಸೇನೆಯನ್ನು ಕಾಳಗಕ್ಕಿಳಿಸಿದರೆ ಅಧ್ಯಕ್ಷರು 48 ಗಂಟೆಯೊಳಗೆ ವರದಿ ಕೊಡಬೇಕು. ಕಾಂಗ್ರೆಸ್ ಒಪ್ಪದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ಸೇನೆ ಹಿಂತೆಗೆಯಲು ಹೆಚ್ಚೆಂದರೆ ಇನ್ನೂ 30 ದಿನ. ಆದರೆ 2011ರಲ್ಲಿ ಲಿಬಿಯಾದ ಮೇಲಿನ ದಾಳಿ 60 ದಿನ ದಾಟಿದಾಗ, ಇದು ಕಾನೂನು ಹೇಳುವಂತಹ ಕಾಳಗವೇ ಅಲ್ಲ ಎಂದು ಒಬಾಮ ಸರಕಾರ ವಾದಿಸಿತು. 2019ರಲ್ಲಿ ಯಮನ್ ಯುದ್ಧಕ್ಕೆ ನೀಡುತ್ತಿದ್ದ ನೆರವನ್ನು ನಿಲ್ಲಿಸಬೇಕೆಂದು ಎರಡೂ ಸದನಗಳು ಹೇಳಿದವು. ಅಧ್ಯಕ್ಷ ಟ್ರಂಪ್ ವಿಟೋ ಚಲಾಯಿಸಿದರು. ಅದನ್ನು ಮೀರಲು ಬೇಕಾದಷ್ಟು ಮತ ಸಿಗಲಿಲ್ಲ. ಅಂದರೆ ಯುದ್ಧ ಆರಂಭಿಸಲು ಒಬ್ಬರು ಸಾಕು, ನಿಲ್ಲಿಸಲು ಮೂರನೇ ಎರಡರಷ್ಟು ಮಂದಿ ಬೇಕು!

ಸಹೋದರಿಯರೇ, ಈ ಚರಿತ್ರೆಯಲ್ಲಿ ಇಬ್ಬರು ಮಹಿಳೆಯರನ್ನು ನಾವು ನೆನಪಿಡಬೇಕು. ಮೊದಲನೆಯವರು ಜೆನೆಟ್ ರಾಂಕಿನ್, ಕಾಂಗ್ರೆಸ್ಸಿಗೆ ಆಯ್ಕೆಯಾದ ಪ್ರಥಮ ಮಹಿಳೆ. 1917ರಲ್ಲಿ ಮಹಾಯುದ್ಧದ ವಿರುದ್ಧ ಮತ ಹಾಕಿದ 50 ಮಂದಿಯಲ್ಲಿ ಅವರೂ ಒಬ್ಬರು. 1941ರಲ್ಲಿ ಜಪಾನಿನ ದಾಳಿಯ ಮರುದಿನ ಇಡೀ ಕಾಂಗ್ರೆಸ್ಸಿನಲ್ಲಿ ಬೇಡವೆಂದವರು ಅವರೊಬ್ಬರೇ. ಸಿಟ್ಟಿಗೆದ್ದ ಜನರಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಬೂತಿನೊಳಗೆ ಸೇರಿಕೊಂಡು ಪೊಲೀಸರನ್ನು ಕರೆಯಬೇಕಾಯಿತು. ಆ ದಿನ ಅವರು ಮಾಡಿದ್ದು ಸರಿಯೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿರಬಹುದು. ಅವರ ಧೈರ್ಯದ ಬಗ್ಗೆ ಇರಲಾರದು.

ಎರಡನೆಯವರು ಬಾರ್ಬರಾ ಲೀ. 2001ರ ಸೆಪ್ಟೆಂಬರ್ 11ರ ಘೋರ ದಾಳಿಯಾಗಿ ಮೂರೇ ದಿನಕ್ಕೆ ಅಧ್ಯಕ್ಷ ಬುಷ್‌ರಿಗೆ ಸೇನಾಬಲ ಬಳಸಲು ಅನುಮತಿ ನೀಡುವ ನಿರ್ಣಯ ಬಂತು. ಅದರಲ್ಲಿ ದೇಶದ ಹೆಸರಿಲ್ಲ, ಕೊನೆಯ ದಿನಾಂಕವಿಲ್ಲ. ಇದು ಖಾಲಿ ಚೆಕ್ಕು ಎಂದರು ಲೀ. ಪ್ರತಿನಿಧಿ ಸಭೆಯಲ್ಲಿ ಮತ 420-1. ಆ ಒಂದು ಮತ ಅವರದು. ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲಿನಲ್ಲಿ ಓಡಾಡಬೇಕಾಯಿತು. ಆದರೆ ಅವರ ಮಾತೇ ನಿಜವಾಯಿತು. ಆ ನಿರ್ಣಯದ ಹೆಸರಿನಲ್ಲಿ ಅಫ್ಘಾನಿಸ್ತಾನದಾಚೆ ಯಮನ್, ಸೋಮಾಲಿಯಾಗಳಲ್ಲಿಯೂ ಬಾಂಬುಗಳು ಬಿದ್ದವು. ಅವರ ಕ್ಷೇತ್ರದ ಮತದಾರರು ಮಾತ್ರ ಅವರನ್ನು ಮತ್ತೆ ಮತ್ತೆ ಗೆಲ್ಲಿಸಿದರು.

ಮರುದಿನ ಆ ಹುಡುಗಿಗೆ ನಾನು ಹೇಳಿದೆ: "ಕೇಳುವವರು ಇದ್ದಾರೆ ಮಗಳೇ. ಅಧ್ಯಕ್ಷರು ಅವರ ಕೀಲಿಯನ್ನು ಪ್ರತಿ ಸಲವೂ ಕಿತ್ತುಕೊಂಡದ್ದಲ್ಲ. ಅನೇಕ ಸಲ ಅವರೇ ಕೊಟ್ಟದ್ದು." ಬೇಡವೆಂದರೆ ದೇಶದ್ರೋಹಿ ಎನ್ನುತ್ತಾರೆ. ಬೇಕೆಂದು ಯುದ್ಧ ಕೆಟ್ಟರೆ ಹೊಣೆ ಹೊರಬೇಕು. ಬಾಯಿ ಮುಚ್ಚಿ ಕುಳಿತರೆ ಎರಡರಿಂದಲೂ ಪಾರು. ಈ ಮೌನದ ಬೆಲೆ ತೆರುವವರು ಮಾತ್ರ ಸಭೆಯಲ್ಲಿ ಕುಳಿತವರಲ್ಲ. ಮಗನ ಶವಪೆಟ್ಟಿಗೆಗಾಗಿ ಕಾಯುವ ಅಲ್ಲಿಯ ತಾಯಿ, ಕುಸಿದ ಮನೆಯ ಮುಂದೆ ನಿಂತಿರುವ ಇಲ್ಲಿಯ ತಾಯಿ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಟೀಚರ್, ಆ 420 ಮಂದಿಯಲ್ಲಿ ಎಷ್ಟು ಜನರಿಗೆ ಆಮೇಲೆ ಬೇಸರವಾಗಿರಬಹುದು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.